352ಕ್ಕೂ 40ಕ್ಕೂ ನಡುವೆ

ಕೇಳುಗರಿಗೆ ನಮಸ್ಕಾರ.

ಎರಡನೇ ಮಹಾಯುದ್ಧದಲ್ಲಿ ಹೊಡೆದುರುಳಿಸಿದ್ದಾಗಿ ಜರ್ಮನಿಯ ಯುದ್ಧವಿಮಾನ ಪೈಲಟ್ ಎರಿಕ್ ಹಾರ್ಟ್‌ಮನ್ ಹೆಸರಿಗೆ ದಾಖಲಾದ ವೈರಿ ವಿಮಾನಗಳು 352. ಸೋವಿಯತ್ ಒಕ್ಕೂಟದ ಇವಾನ್ ಕೊಝೆದುಬ್ ಹೆಸರಿಗೆ 62. ಅಮೆರಿಕದ ರಿಚರ್ಡ್ ಬಾಂಗ್ ಹೆಸರಿಗೆ 40. ಹಾಗಾದರೆ ಬಾಂಗ್‌ಗಿಂತ ಹಾರ್ಟ್‌ಮನ್ ಒಂಬತ್ತು ಪಟ್ಟು ನಿಪುಣನೇ?

ಮೊದಲು ಒಂದು ಭಾಗಾಕಾರ ಮಾಡಿ ನೋಡೋಣ. ಹಾರ್ಟ್‌ಮನ್ ಯುದ್ಧಕ್ಕೆಂದು ಹಾರಿದ್ದು 1404 ಸಲ, ಅಂದರೆ ನಾಲ್ಕು ಹಾರಾಟಕ್ಕೊಂದು ಗೆಲುವು. ಕೊಝೆದುಬ್ ಹಾರಿದ್ದು 330 ಸಲ, ಐದು ಚಿಲ್ಲರೆ ಹಾರಾಟಕ್ಕೊಂದು ಗೆಲುವು. ಆರು ಪಟ್ಟು ಕಾಣುತ್ತಿದ್ದ ಅಂತರ ಇಲ್ಲಿಗೇ ಕರಗಿತು. ಇನ್ನು ಬಾಂಗ್. ಜರ್ಮನ್ ಪೈಲಟ್ ಸಾಯುವವರೆಗೆ, ಇಲ್ಲವೇ ಯುದ್ಧ ಮುಗಿಯುವವರೆಗೆ ಹಾರುತ್ತಲೇ ಇರಬೇಕಿತ್ತು. ಅಮೆರಿಕದವರು ನುರಿತವರನ್ನು ಹಿಂದಕ್ಕೆ ಕರೆಸಿಕೊಂಡು ಹೊಸಬರಿಗೆ ಕಲಿಸಲು ಹಚ್ಚುತ್ತಿದ್ದರು. ಬಾಂಗ್‌ನನ್ನೂ 40 ಆದಮೇಲೆ, 1944ರ ಕೊನೆಗೆ, ಊರಿಗೆ ಕಳಿಸಿಬಿಟ್ಟರು.

ಎಣಿಕೆಯದ್ದೇ ಇನ್ನೊಂದು ಫಜೀತಿ. 1940ರ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನಗಳನ್ನು ಉರುಳಿಸಿದ್ದಾಗಿ ಬ್ರಿಟನ್ ಸಾರಿತು. ನಿಜಕ್ಕೂ ಬಿದ್ದದ್ದು ಸುಮಾರು 60. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಒಂದೇ ವಿಮಾನಕ್ಕೆ ಮೂವರು ಗುಂಡು ಹಾರಿಸಿದರೆ, ಹೊಗೆ ಕಂಡ ಮೂವರೂ ಅದು ತನ್ನದೇ ಎಂದುಕೊಳ್ಳುತ್ತಾರೆ. ಬಿದ್ದದ್ದು ಲೆಕ್ಕಕ್ಕೆ ಬಾರದೆ ಹೋಗುವುದೂ ಉಂಟು. ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಮಿಸ್ಟೀರ್ ವಿಮಾನದಲ್ಲಿದ್ದುಕೊಂಡು, ಅದಕ್ಕಿಂತ ಬಹಳ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಉರುಳಿಸಿ ತಾವೂ ಮಡಿದರು. ಆ ಗೆಲುವು ಬಹುಕಾಲ ಲೆಕ್ಕಕ್ಕೇ ಬರಲಿಲ್ಲ, ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಸರಿ, ನೈಪುಣ್ಯವನ್ನು ಅಳೆಯುವುದು ಎಲ್ಲಿ? ನನ್ನನ್ನು ಕೇಳಿದರೆ, ಗುರಿಯಲ್ಲಿ. ನಿಮ್ಮಿಂದ 300 ಮೀಟರ್ ದೂರದಲ್ಲಿ ವೈರಿ ವಿಮಾನವೊಂದು ಗಂಟೆಗೆ 400 ಕಿಲೋಮೀಟರ್ ವೇಗದಲ್ಲಿ ಅಡ್ಡ ಹಾಯುತ್ತಿದೆ ಅನ್ನಿ. ಗುಂಡು ಅಲ್ಲಿಗೆ ತಲುಪಲು ಸುಮಾರು 0.4 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು 44 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಅದರ ಮೂತಿಗೆ ಐದು ವಿಮಾನದುದ್ದ ಮುಂದೆ, ಬರಿಯ ಆಕಾಶಕ್ಕೆ ಗುಂಡು ಹಾರಿಸಬೇಕು. ಹಾರುವ ಹಕ್ಕಿಗೆ ಕವಣೆ ಬೀಸಿದವರಿಗೆ ಇದು ಗೊತ್ತು. ಹೊಸಬರ ಗುಂಡು ಹೆಚ್ಚಾಗಿ ಬಾಲದ ಹಿಂದೆ ಹೋಗುತ್ತಿತ್ತು. ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಮೇಲೆ ಕಾಲು ತುಸು ತಪ್ಪಿ ವಿಮಾನ ಓರೆಯಾಗಿ ಜಾರುತ್ತಿದ್ದರೂ ಗುಂಡು ಪಕ್ಕಕ್ಕೆ ಹೋಯಿತು. ಎಂಟು ಮೆಷಿನ್ ಗನ್ನಿನ ಬ್ರಿಟಿಷ್ ವಿಮಾನ ಸ್ಪಿಟ್‌ಫೈರ್‌ನಲ್ಲಿದ್ದ ಗುಂಡುಗಳೋ 15 ಸೆಕೆಂಡಿಗೆಲ್ಲ ಖಾಲಿ. ಹಾರ್ಟ್‌ಮನ್ ಈ ಲೆಕ್ಕದ ಗೋಜಿಗೇ ಹೋಗುತ್ತಿರಲಿಲ್ಲ. ವೈರಿ ವಿಮಾನ ಎದುರಿನ ಗಾಜನ್ನೆಲ್ಲ ತುಂಬುವಷ್ಟು ಹತ್ತಿರ ಹೋಗಿ ಹೊಡೆದು, ಅಲ್ಲಿಂದ ಪಾರಾಗುತ್ತಿದ್ದ.

ಗುರಿಯ ಕಲಿಕೆಗೆ ಬಹಳ ಒತ್ತು ಕೊಟ್ಟ ಪುಟ್ಟ ದೇಶ ಫಿನ್ಲೆಂಡ್. ಅಮೆರಿಕದಿಂದ ಅವರು 44 ಬ್ರೂಸ್ಟರ್ ವಿಮಾನ ತರಿಸಿಕೊಂಡಿದ್ದರು. ಅದೇ ಬ್ರೂಸ್ಟರ್‌ನ ಭಾರ ಹೆಚ್ಚಿದ ಮಾದರಿಯನ್ನು 1942ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಹಾರಿಸಿದ ಅಮೆರಿಕನ್ನರಲ್ಲಿ ಹೆಚ್ಚಿನವರು ಜಪಾನಿನ ಝೀರೋ ವಿಮಾನಗಳಿಗೆ ಬಲಿಯಾದರು. ಫಿನ್ನರು ಬ್ರೂಸ್ಟರ್‌ನಲ್ಲೇ ಸೋವಿಯತ್ ವಿಮಾನಗಳ ಎದುರು ವರ್ಷಗಟ್ಟಲೆ ಗೆದ್ದರು. ಎದುರಾಳಿ ಬೇರೆ, ವಿಮಾನ ಹಗುರ, ಅದೂ ನಿಜ. ಆದರೆ ನಾಲ್ಕು ವಿಮಾನ ದೂರ ದೂರ ಹರಡಿಕೊಂಡು ಹಾರುವ ಕ್ರಮವನ್ನು ಅವರು 1930ರ ದಶಕದಲ್ಲೇ ರೂಢಿಸಿಕೊಂಡಿದ್ದರು. ಆಗಿನ್ನೂ ಬ್ರಿಟಿಷರು ಮೂರು ಮೂರರ ಒತ್ತೊತ್ತು ಸಾಲಿನಲ್ಲಿ ಹಾರುತ್ತಿದ್ದರು. ಅಲ್ಲಿ ಅಕ್ಕಪಕ್ಕದ ಇಬ್ಬರ ಕಣ್ಣೂ ನಾಯಕನ ರೆಕ್ಕೆಗೆ ಡಿಕ್ಕಿಯಾಗದಂತೆ ನೋಡುವುದರಲ್ಲೇ ಇರುತ್ತಿತ್ತು, ಬೆನ್ನ ಹಿಂದೆ ನೋಡುವವರಿಲ್ಲ.

ಇನ್ನು ತರಬೇತಿಯ ಗಂಟೆಗಳು. ಯುದ್ಧದ ಮೊದಲ ವರ್ಷಗಳಲ್ಲಿ ಜರ್ಮನ್ ಹುಡುಗ ಸುಮಾರು 240 ಗಂಟೆ ಹಾರಿ ರಣರಂಗಕ್ಕೆ ಬರುತ್ತಿದ್ದ. 1944ಕ್ಕೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಮೆರಿಕದವನದು 300 ದಾಟಿತ್ತು. ಜರ್ಮನಿಯ ಇಂಧನ ಕಾರ್ಖಾನೆಗಳ ಮೇಲೆ ಆ ಮೇ ತಿಂಗಳಿಂದ ಬಾಂಬು ಬಿದ್ದು, ಕಲಿಕೆಯ ಹಾರಾಟಕ್ಕೆ ಪೆಟ್ರೋಲೇ ಇಲ್ಲವಾಯಿತು. ಅಂಥ ಅರೆಕಲಿತ ಜರ್ಮನ್ ಹುಡುಗನ ಕೈಗೆ ಸಿಕ್ಕಿದ್ದು ಮೆಸರ್‌ಶ್ಮಿಟ್ 109. ಚಕ್ರಗಳ ನಡುವೆ ಅಂತರ ಕಡಿಮೆ, ಎಂಜಿನ್ನಿನ ಸೆಳೆತ ಎಡಕ್ಕೆ. ನೆಲ ಬಿಟ್ಟೇಳುವಾಗ, ಎಂಜಿನ್ನಿನ ಬಲ ಏರಿಸುವ ಥ್ರಾಟಲನ್ನು ನಿಧಾನ ತೆರೆಯಬೇಕು, ಬಲಗಾಲಲ್ಲಿ ರಡ್ಡರ್ ಒತ್ತಬೇಕು, ವೇಗ ಬರುವವರೆಗೆ ಬಾಲ ಎತ್ತಬಾರದು. ಗಡಿಬಿಡಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟವನ ವಿಮಾನ ಎಡಕ್ಕೆ ತಿರುಗಿ, ರೆಕ್ಕೆ ನೆಲಕ್ಕೆ ತಾಗಿ, ವೈರಿಯ ಮುಖ ನೋಡುವ ಮೊದಲೇ ರನ್‌ವೇ ಪಕ್ಕದಲ್ಲಿ ಮುರಿದು ಬೀಳುತ್ತಿತ್ತು.