ಮೂಲೆ ಅಳೆದು ಪಟ್ಟಿ ಕೊಯ್ಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ಗೋಡೆಗೆ ಅಲಂಕಾರದ ಮರದ ಪಟ್ಟಿ, ಅಂದರೆ ಮೋಲ್ಡಿಂಗ್ ಹೊಡೆಯುವಾಗ ನೇರ ಗೋಡೆಯಲ್ಲಿ ಅಂಥ ಕಷ್ಟವೇನಿಲ್ಲ. ಕೆಲಸದ ಅಚ್ಚುಕಟ್ಟು ಗೊತ್ತಾಗುವುದು ಮೂಲೆಯಲ್ಲಿ. ಎರಡೂ ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದು ತಂದು ಕೂರಿಸುತ್ತೇವೆ, ಸಂದು ಬಾಯಿ ಬಿಡುತ್ತದೆ. ಎಷ್ಟೋ ಸಲ ತಪ್ಪು ಗರಗಸದ್ದಲ್ಲ, ಮೂಲೆಯದು. ಗಾರೆ ಬಳಿದ ಗೋಡೆಗಳು ಸರಿಯಾಗಿ 90 ಡಿಗ್ರಿಗೆ ಸೇರುವುದು ಅಪರೂಪ. 88 ಇರಬಹುದು, 92 ಇರಬಹುದು.

2 ಡಿಗ್ರಿ ಏನು ಮಹಾ ಅನ್ನಿಸಬಹುದು. 18 ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಅಷ್ಟೇ ವ್ಯತ್ಯಾಸಕ್ಕೆ ಸುಮಾರು 1 ಮಿಲಿಮೀಟರ್ ಸಂದು ಬೀಳುತ್ತದೆ, ದೂರದಿಂದಲೇ ಕಾಣುತ್ತದೆ. ಒಳಮೂಲೆ 92 ಇದ್ದರೆ ಸಂದು ಮುಂದುಗಡೆ, ಕಣ್ಣಿಗೆ ಎದುರಾಗಿ ತೆರೆಯುತ್ತದೆ. 88 ಇದ್ದರೆ ಪಟ್ಟಿಗಳ ಮುಂಭಾಗ ಮೊದಲೇ ತಾಗಿ, ಹಿಂದುಗಡೆ ಟೊಳ್ಳು ಉಳಿಯುತ್ತದೆ. ಹೊರಮೂಲೆಯಲ್ಲಿ, ಅಂದರೆ ಗೋಡೆ ಕೋಣೆಯತ್ತ ಚಾಚಿದ ಮೂಲೆಯಲ್ಲಿ, ಇದು ತಿರುವುಮುರುವು.

ಹಾಗಾಗಿ ಮೊದಲು ಅಳತೆ. ಬೆವೆಲ್, ಅಂದರೆ ಬೇಕಾದ ಕೋನಕ್ಕೆ ತೋಳು ತಿರುಗಿಸಿ ಬಿಗಿಯುವ ಸಲಕರಣೆ, ಇಲ್ಲವೇ ಕೋನಮಾಪಕದ ಎರಡೂ ತೋಳುಗಳನ್ನು, ಪಟ್ಟಿ ಕೂರುವ ಎತ್ತರದಲ್ಲೇ, ಗೋಡೆಗೆ ಒರಗಿಸಿ. ತೋಳು 30 ಸೆಂಟಿಮೀಟರಿನಷ್ಟಾದರೂ ಗೋಡೆಗೆ ತಾಗಲಿ. ಮೂಲೆಯೊಳಗೆ ಗಾರೆ ದಪ್ಪಗೆ ನಿಂತಿರುತ್ತದೆ, ಗಿಡ್ಡ ತೋಳು ಆ ಉಬ್ಬನ್ನು ಅಳೆಯುತ್ತದೆಯೇ ಹೊರತು ಗೋಡೆಯನ್ನಲ್ಲ.

ಬಂದ ಕೋನವನ್ನು ಅರ್ಧ ಮಾಡಿ, ಆ ಅರ್ಧವನ್ನು 90ರಿಂದ ಕಳೆಯಿರಿ. ಮೈಟರ್ ಗರಗಸ, ಅಂದರೆ ಬೇಕಾದ ಕೋನಕ್ಕೆ ತಿರುಗಿಸಿ ಕೊಯ್ಯುವ ಗರಗಸದಲ್ಲಿ ಸೊನ್ನೆ ಅಂದರೆ ನೇರ ಅಡ್ಡಕೊಯ್ತ, ಅದಕ್ಕೇ ಈ ಕಳೆಯುವ ಲೆಕ್ಕ. ಮೂಲೆ 92 ಇದ್ದರೆ ಅರ್ಧ 46, ಗರಗಸ 44ಕ್ಕೆ. ಮೂಲೆ 135 ಇದ್ದರೆ ಅರ್ಧ 67.5, ಗರಗಸ 22.5ಕ್ಕೆ. ಹೊರಮೂಲೆಗೆ ಗೋಡೆಯ ಮೈಯ ಕೋನ, ಅಂದರೆ 180ಕ್ಕಿಂತ ಕಡಿಮೆ ಇರುವ ಕೋನ ಅಳೆದರೆ ಇದೇ ಲೆಕ್ಕ ಸಾಕು, ಕೊಯ್ಯುವ ದಿಕ್ಕು ಮಾತ್ರ ಬೇರೆ: ಒಳಮೂಲೆಗೆ ಪಟ್ಟಿಯ ಹಿಂಬದಿ ಉದ್ದ, ಹೊರಮೂಲೆಗೆ ಮುಂಬದಿ ಉದ್ದ. ಪಟ್ಟಿ ಹಾಳಾಗುವುದು ಹೆಚ್ಚಾಗಿ ಈ ದಿಕ್ಕು ತಪ್ಪಿದಾಗಲೇ. ಕೊಯ್ಯುವ ಮುಂಚೆ ಪಟ್ಟಿಯ ಮೇಲಂಚಿನಲ್ಲಿ ಪೆನ್ಸಿಲಿನಿಂದ ಓರೆಗೆರೆ ಎಳೆದುಕೊಳ್ಳಿ.

ಕೋನಮಾಪಕ ಇಲ್ಲವೇ? ನೆಲದ ಮೇಲೆ ಕಾಗದ ಹಾಸಿ, ಒಂದೇ ಅಗಲದ ಹಲಗೆ ಚೂರನ್ನು ಒಂದು ಗೋಡೆಗೆ ಒತ್ತಿ ಅದರ ಹೊರ ಅಂಚಿನುದ್ದಕ್ಕೂ ಗೆರೆ ಎಳೆಯಿರಿ. ಇನ್ನೊಂದು ಗೋಡೆಗೂ ಹಾಗೇ ಮಾಡಿ. ಎರಡು ಗೆರೆ ಕೂಡುವ ಬಿಂದುವಿನಿಂದ ಮೂಲೆಗೆ ಎಳೆದ ಗೆರೆ ಕೋನವನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ. ಬೆವೆಲಿನ ಒಂದು ತೋಳನ್ನು ಗೋಡೆಗೆ, ಇನ್ನೊಂದನ್ನು ಆ ಗೆರೆಗೆ ಹೊಂದಿಸಿ, ಗರಗಸಕ್ಕೆ ವರ್ಗಾಯಿಸಿದರಾಯಿತು. ಅಂಕಿಯೇ ಬೇಕಿಲ್ಲ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಸಂದು ಕಂಡಾಗ ಒಂದು ಪಟ್ಟಿಯನ್ನು ಮಾತ್ರ ಮತ್ತೆ ಕೊಯ್ದು ಸರಿಪಡಿಸಲು ಹೋಗಬೇಡಿ. ಎರಡು ಕೊಯ್ತಗಳ ಕೋನ ಬೇರೆಯಾದರೆ ಕೊಯ್ದ ಮುಖಗಳ ಉದ್ದವೂ ಬೇರೆಯಾಗುತ್ತದೆ. ಸಂದು ಮುಚ್ಚಬಹುದು, ಆದರೆ ಉಬ್ಬು ತಗ್ಗಿನ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ. ತಿದ್ದುವುದಾದರೆ ಎರಡನ್ನೂ ಸಮವಾಗಿ ತಿದ್ದಿ. ಮೊದಲು ಎರಡು ತುಂಡು ಚೂರುಗಳನ್ನು ಕೊಯ್ದು ಮೂಲೆಗೆ ಹಿಡಿದು ನೋಡಿದರೆ ಉದ್ದದ ಪಟ್ಟಿ ಉಳಿಯುತ್ತದೆ.

ಒಳಮೂಲೆಗೆ ಇನ್ನೂ ಒಳ್ಳೆಯ ದಾರಿ ಕೋಪಿಂಗ್, ಅಂದರೆ ಒಂದು ಪಟ್ಟಿಯ ತುದಿಯನ್ನು ಇನ್ನೊಂದರ ಮೈಯ ಆಕಾರಕ್ಕೆ ಕೊಯ್ದು ಕೂರಿಸುವುದು. ಮೊದಲ ಪಟ್ಟಿಯ ತುದಿಯನ್ನು ನೇರ ಕೊಯ್ದು ಗೋಡೆಗೆ ತಾಗಿಸಿ ಹೊಡೆಯಿರಿ. ಎರಡನೆಯದನ್ನು ಒಳಮೂಲೆಗೆಂಬಂತೆ 45ಕ್ಕೆ ಕೊಯ್ದಾಗ ಅದರ ಮುಂಭಾಗದ ಅಂಚಿನಲ್ಲಿ ಪಟ್ಟಿಯ ಆಕಾರ ಮೂಡುತ್ತದೆ. ಆ ಅಂಚನ್ನು ಪೆನ್ಸಿಲಿನಿಂದ ಕಪ್ಪು ಮಾಡಿ, ಸಣ್ಣ ಅಲಗಿನ ಕೋಪಿಂಗ್ ಗರಗಸದಿಂದ ಗೆರೆಯ ಗುಂಟ ಕೊಯ್ಯಿರಿ. ಗರಗಸವನ್ನು ಸುಮಾರು 5 ಡಿಗ್ರಿ ಓರೆ ಹಿಡಿದು ಹಿಂಬದಿಯ ಮರ ಹೆಚ್ಚು ಹೋಗುವಂತೆ ನೋಡಿಕೊಳ್ಳಿ, ಆಗ ಮುಂದಿನ ತೆಳು ಅಂಚು ಮಾತ್ರ ಮೊದಲ ಪಟ್ಟಿಗೆ ತಾಗುತ್ತದೆ. ಬಳುಕಿನಲ್ಲಿ ಉಳಿದದ್ದನ್ನು ದುಂಡು ಅರದಿಂದ ಉಜ್ಜಿ. ಮೂಲೆ ಒಂದೆರಡು ಡಿಗ್ರಿ ಆಚೀಚೆ ಇದ್ದರೂ ಇದು ಹೊಂದಿಕೊಳ್ಳುತ್ತದೆ. ಹವೆ ಒಣಗಿ ಮರ ಕುಗ್ಗಿದರೂ ಸಂದು ಅಷ್ಟಾಗಿ ಕಾಣುವುದಿಲ್ಲ. 135ರಂಥ ಅಗಲ ಮೂಲೆಗೆ ಮಾತ್ರ ಕೋಪಿಂಗ್ ಒಗ್ಗುವುದಿಲ್ಲ, ಅಲ್ಲಿ ಓರೆಕೊಯ್ತವೇ ಸರಿ.

ಚಾವಣಿಯಂಚಿನ ಪಟ್ಟಿ ಓರೆಯಾಗಿ ಕೂರುತ್ತದೆ. ಅದನ್ನು ಗರಗಸದಲ್ಲಿ ತಲೆಕೆಳಗಾಗಿ ಇಡಿ: ಚಾವಣಿಗೆ ತಾಗುವ ಅಂಚು ಗರಗಸದ ತಳಕ್ಕೆ, ಗೋಡೆಗೆ ತಾಗುವ ಅಂಚು ಗರಗಸದ ಹಿಂದಿನ ಒರಗುಪಟ್ಟಿಗೆ. ಆಗ ಮೇಲೆ ಹೇಳಿದ ಲೆಕ್ಕವೇ ನಡೆಯುತ್ತದೆ. ಪಟ್ಟಿ ಜಾರದಂತೆ ಮುಂದೆ ಒಂದು ತಡೆ ಕಟ್ಟಿ.

ಹೊರಮೂಲೆಯ ಪಟ್ಟಿಯಲ್ಲಿ ಮೂಲೆಯ ಕೊಯ್ತ ಮೊದಲು, ಉದ್ದದ ಕೊಯ್ತ ಆಮೇಲೆ. 1 ಮಿಲಿಮೀಟರ್ ಹೆಚ್ಚು ಉದ್ದವೇ ಇಟ್ಟುಕೊಂಡು, ಮೂಲೆಗೆ ಹಿಡಿದು ನೋಡಿ ಸವರಿ. ಕೊಯ್ದ ಮುಖಗಳಿಗೆ ಮರದ ಅಂಟು ಹಚ್ಚಿ ಸೇರಿಸಿ, ಪಿನ್ ಮೊಳೆ ಹೊಡೆಯಿರಿ. ಕೂದಲೆಳೆಯಷ್ಟು ಸಂದು ಉಳಿದಿದ್ದರೆ, ಅಂಟು ಹಸಿ ಇರುವಾಗಲೇ ಸ್ಕ್ರೂಡ್ರೈವರಿನ ದುಂಡು ಕಡ್ಡಿಯಿಂದ ಅಂಚನ್ನು ಎರಡೂ ಕಡೆಯಿಂದ ಒತ್ತಿ ಉಜ್ಜಿ. ಮರದ ಎಳೆಗಳು ಮಡಚಿ ಸಂದನ್ನು ಮುಚ್ಚುತ್ತವೆ. ಅಂಟು ಒಣಗಿದ ಮೇಲೆ ನಯವಾದ ಉಪ್ಪುಕಾಗದ ಒಮ್ಮೆ ಆಡಿಸಿ, ಬಣ್ಣಕ್ಕೆ ಬಿಡಿ. ನಮಸ್ಕಾರ.