ಮಂಡಿ ಕೆಳಗಿನ ದಿಂಬು ತೆಗೆಯಿರಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಮಂಡಿ ಕೀಲು ಬದಲಾಯಿಸಿಕೊಂಡವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಆಪರೇಷನ್ ವಿಷಯ ಡಾಕ್ಟರು ನೋಡಿಕೊಳ್ಳುತ್ತಾರೆ, ಬಿಡಿ. ಮನೆಗೆ ಬಂದ ಮೇಲಿನ ಆರು ವಾರ ಇದೆಯಲ್ಲ, ಅದರ ಬಗ್ಗೆ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ: ಮಂಡಿ ಕೆಳಗೆ ದಿಂಬು ಇಡಬೇಡಿ.

ಒಳಗೆ ಕೂರಿಸುವ ಕೃತಕ ಮಂಡಿ ಗಟ್ಟಿ ಸಾಮಾನು. ಹೊರದೇಶಗಳ ದಾಖಲೆ ನೋಡಿ 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ, ಪೂರ್ತಿ ಬದಲಾಯಿಸಿದ 100 ಮಂಡಿಗಳಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ. ಮಂಡಿಯೇನೋ ಬಾಳುತ್ತದೆ. ಅದು ನೆಟ್ಟಗಾಗದೆ, ಮಡಿಸಲೂ ಬಾರದೆ 25 ವರ್ಷ ಬಾಳಿ ಏನು ಪ್ರಯೋಜನ?

ತಿಪಟೂರು ಕಡೆಯ ಒಬ್ಬ ಅಜ್ಜಿ. ಆಸ್ಪತ್ರೆಯಲ್ಲಿ ಮಾರನೇ ದಿನವೇ ವಾಕರ್ ಹಿಡಿದು ನರ್ಸ್ ಟೇಬಲ್‌ವರೆಗೆ ಹೋಗಿ, ಅಲ್ಲಿದ್ದವರ ಊರು ಕೇರಿ ವಿಚಾರಿಸಿಕೊಂಡು ಬಂದವರು. ಮನೆಗೆ ಹೋದರು ನೋಡಿ, ಬಾಣಂತನ ಶುರುವಾಯಿತು! ಊಟ ಮಂಚಕ್ಕೆ, ಕಾಫಿ ಮಂಚಕ್ಕೆ, ಮಂಡಿ ಕೆಳಗೆ ಮೆತ್ತನೆಯ ಎರಡು ದಿಂಬು. ಮತ್ತೆ ನನ್ನ ಹತ್ತಿರ ಬಂದಾಗ ಮಲಗಿಸಿ ನೋಡಿದೆ. ಮಂಡಿಗೂ ಹಾಸಿಗೆಗೂ ನಡುವೆ ನನ್ನ ಮುಷ್ಟಿ ಸಲೀಸಾಗಿ ತೂರಿತು. ಕಾಲು ನೆಟ್ಟಗಾಗುತ್ತಿಲ್ಲ. ನಾನು ಒತ್ತಿಸಿದೆ, ಅಜ್ಜಿ "ಅಯ್ಯಪ್ಪಾ" ಅಂದರು. ಮಗಳಿಗೆ ಸಿಟ್ಟು ಬಂತು: "ಏನ್ ಮೇಡಂ, ವಯಸ್ಸಾದೋರನ್ನ ಹಿಂಗ್ ಅಳಿಸ್ತೀರಲ್ಲ!" ನಾನು ಆಕೆಯ ಕೈಯನ್ನೇ ತಾಯಿಯ ಮಂಡಿ ಕೆಳಗೆ ಇಡಿಸಿದೆ. "ಅಜ್ಜಿ, ಮಗಳ ಕೈನ ಹಾಸಿಗೆಗೆ ಅಮುಕಿ ನೋಡೋಣ" ಅಂದೆ. ಅಮುಕಿದರು, ತೊಡೆಯ ಸ್ನಾಯು ಕಲ್ಲಿನ ಹಾಗೆ ಬಿಗಿಯಿತು. ಐದೆಣಿಸಿ ಬಿಡುವುದು, ಮತ್ತೆ ಅಮುಕುವುದು. ಮಗಳೇ ಎಣಿಸತೊಡಗಿದಳು. ಅಜ್ಜಿ ಹಲ್ಲು ಕಚ್ಚಿಕೊಂಡೇ, "ಇವಳ ಕೈ ಅಂದ್ರೆ ಅಮುಕಕ್ಕೆ ಖುಷಿಯಾಗ್ತದೆ ಕಣಮ್ಮ" ಅಂದುಬಿಟ್ಟರು. ಆಮೇಲೆ ಕಾಲು ನೆಟ್ಟಗಾಯಿತು, ಆದರೆ ವಾರಗಳಲ್ಲಿ ಆಗಬೇಕಾದ್ದು ತಿಂಗಳುಗಟ್ಟಲೆ ಹಿಡಿಯಿತು.

ಯಾಕೆ ಗೊತ್ತೇ? ಆಪರೇಷನ್ ಆದ ಜಾಗದಲ್ಲಿ ಒಳಗೂ ಗಾಯ ಮಾಯುತ್ತಿರುತ್ತದೆ. ಅದು ಹಲಸಿನ ಅಂಟಿದ್ದ ಹಾಗೆ. ಹಸಿಯಿದ್ದಾಗ ಬಿಡಿಸಬೇಕು, ಒಣಗಿದ ಮೇಲೆ ಒದ್ದಾಟ. ದಿಂಬಿನ ಮೇಲೆ ಬಾಗಿದ ಮಂಡಿ ಬಾಗಿದಂತೆಯೇ ಬಿಗಿದುಕೊಳ್ಳುತ್ತದೆ. ದಿಂಬು ಇಡಲೇಬೇಕೆಂಬ ಆಸೆಯಿದ್ದರೆ ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಡಿ, ಮಂಡಿ ಕೆಳಗೆ ಬೇಡ.

ನೋವಾಗುತ್ತದೆ ಅಂತೀರಿ. ಆಗುತ್ತದೆ ಸ್ವಾಮಿ! ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆ ನುಂಗಿ, ಅರ್ಧ ಗಂಟೆ ಬಿಟ್ಟು ವ್ಯಾಯಾಮ ಮಾಡಿ, ಆಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಮಂಡಿಯಲ್ಲಿ ಊತ, ಬಿಸಿ ಕೆಲವು ತಿಂಗಳು ಇದ್ದೇ ಇರುತ್ತವೆ, ಅದಕ್ಕೆ ಹೆದರಿ ಮಲಗಬೇಡಿ.

ಅಜ್ಜಿಯ ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ನೆಲದ ಮೇಲೆ ಚಕ್ಕಂಬಕ್ಕಳ ಬೇಡ, ಕಮೋಡ್ ಬಳಸಿ. ಗಾಯದಿಂದ ಕೀವು ಸುರಿದರೆ, ಜ್ವರ ಬಂದರೆ, ಮೀನಖಂಡ ಊದಿ ನೋಯತೊಡಗಿದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರಂತೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ನಮಸ್ಕಾರ.