ಕೆಂಡವಿಲ್ಲದ ಹುಕ್ಕಾ ಮತ್ತು ರಕ್ತನಾಳದ ಒಳಪದರ

ಮಾನ್ಯರೆ,

ಸಾಂಪ್ರದಾಯಿಕ ಹುಕ್ಕಾದಲ್ಲಿ ತಂಬಾಕನ್ನು ಕಾಯಿಸುವುದು ಇದ್ದಿಲ ಕೆಂಡ. ಇ-ಹುಕ್ಕಾದಲ್ಲಿ ಆ ಕೆಲಸ ಬ್ಯಾಟರಿಯಿಂದ ಕಾಯುವ ಲೋಹದ ಸುರುಳಿಯದು. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಹಣ್ಣಿನ ಪರಿಮಳ ಮತ್ತು ಸಾಮಾನ್ಯವಾಗಿ ನಿಕೋಟಿನ್ ಬೆರೆತ ದ್ರವವು ಸುರುಳಿಯ ಬಿಸಿಗೆ ಆವಿಯಾಗಿ ಎದೆಗಿಳಿಯುತ್ತದೆ. ಕೆಂಡವೇ ಇಲ್ಲದ ಮೇಲೆ ಅಪಾಯವೆಲ್ಲಿಯದು ಎಂದು ಸೇದುವವರು ಕೇಳುತ್ತಾರೆ. ಕೆಂಡದಿಂದ ಬರುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಇದರಲ್ಲಿ ಬಹಳ ಕಡಿಮೆ ಎಂಬಷ್ಟು ಮಟ್ಟಿಗೆ ಅವರ ಮಾತು ಸರಿ. ಆದರೆ ರಕ್ತನಾಳದ ಕತೆ ಬೇರೆ.

ರಕ್ತನಾಳದ ಒಳಗೋಡೆಗೆ ಒಂದೇ ಜೀವಕೋಶದಷ್ಟು ದಪ್ಪದ ಅಸ್ತರಿ, ಅಂದರೆ ಒಳಪದರವಿದ್ದು, ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸ್ರವಿಸಿ ನಾಳವನ್ನು ಸಡಿಲಿಸುತ್ತದೆ. ಈ ಅಣುವಿನ ಪಾತ್ರವನ್ನು ಕಂಡುಕೊಂಡ ಮೂವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅಸ್ತರಿಯ ಆರೋಗ್ಯವನ್ನು ಅಳೆಯುವ ವಿಧಾನ ಸರಳ: ಬಿಪಿ ನೋಡುವ ಪಟ್ಟಿಯಂಥದ್ದನ್ನು ತೋಳಿಗೆ ಕಟ್ಟಿ, ಐದು ನಿಮಿಷ ರಕ್ತ ಹರಿಯದಂತೆ ಬಿಗಿಹಿಡಿದು, ಥಟ್ಟನೆ ಬಿಟ್ಟಾಗ ನುಗ್ಗುವ ರಕ್ತಕ್ಕೆ ರಟ್ಟೆಯ ಅಪಧಮನಿ ಎಷ್ಟು ಹಿಗ್ಗುತ್ತದೆಂಬುದನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಅಸ್ತರಿ ಬಳಲಿದ್ದರೆ ನಾಳ ಅಷ್ಟಾಗಿ ಹಿಗ್ಗುವುದಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಮೇರಿ ರೆಜ್ಕ್-ಹನ್ನಾ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಂಡದ ಹುಕ್ಕಾ ಸೇದಿದ ಯುವಜನರ ನಾಳ ಕುಗ್ಗುವ ಬದಲು ಮೊದಲಿಗಿಂತ ಹೆಚ್ಚು ಹಿಗ್ಗಿತು. ಹಾಗಾದರೆ ಹುಕ್ಕಾ ಒಳ್ಳೆಯದೇ? ಕೆಂಡ ತೆಗೆದು ವಿದ್ಯುತ್ತಿನಿಂದ ಕಾಯಿಸಿದಾಗ ಅದೇ ನಾಳದ ಹಿಗ್ಗುವಿಕೆ ಇಳಿಯಿತು. ಇದ್ದಿಲಿನ ಕಾರ್ಬನ್ ಮಾನಾಕ್ಸೈಡ್ ತಾನೇ ರಕ್ತನಾಳವನ್ನು ಹಿಗ್ಗಿಸುವ ಅನಿಲವಾದ್ದರಿಂದ, ಉಳಿದ ಹಾನಿಯನ್ನು ಅದು ಮರೆಮಾಚಿತ್ತು. ಒಂದು ವಿಷ ಇನ್ನೊಂದು ವಿಷಕ್ಕೆ ಮುಸುಕು ಹಾಕಿದ್ದು ಹೀಗೆ.

ಅದೇ ತಂಡ 2021ರಲ್ಲಿ ಇ-ಹುಕ್ಕಾವನ್ನೇ ಪರೀಕ್ಷಿಸಿದಾಗ, ಅರ್ಧ ಗಂಟೆ ಸೇದಿದ ಆರೋಗ್ಯವಂತ ಯುವಜನರಲ್ಲಿಯೂ ಹಿಗ್ಗುವಿಕೆ ಕುಂದಿತು. ವಿಟಮಿನ್ ಸಿಯನ್ನು ಭಾರೀ ಪ್ರಮಾಣದಲ್ಲಿ ರಕ್ತಕ್ಕೇ ಕೊಟ್ಟಾಗ ಆ ಕುಸಿತ ಕಾಣಲಿಲ್ಲ. ವಿಟಮಿನ್ ಸಿ ಉತ್ಕರ್ಷಕಗಳನ್ನು, ಅಂದರೆ ಎದುರಾದ ಅಣುಗಳನ್ನು ಕೆಡಿಸುವ ಚುರುಕು ಅಣುಗಳನ್ನು, ತಣಿಸುತ್ತದೆ; ಹಾಗಾಗಿ ಆವಿಯಿಂದ ಹುಟ್ಟುವ ಉತ್ಕರ್ಷಕಗಳು ನೈಟ್ರಿಕ್ ಆಕ್ಸೈಡನ್ನು ಕಬಳಿಸುತ್ತವೆ ಎಂಬ ಅನುಮಾನಕ್ಕೆ ಬಲ ಬಂತು. (ನೆಲ್ಲಿಕಾಯಿ ತಿಂದು ಹುಕ್ಕಾ ಸೇದಬಹುದೆಂದು ಇದರ ಅರ್ಥವಲ್ಲ.) ಇದರ ಮೇಲೆ ನಿಕೋಟಿನ್ ಅಡ್ರಿನಲಿನ್ ಮಟ್ಟವನ್ನು ಏರಿಸಿ, ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ಹೆಚ್ಚಿಸುವುದರಿಂದ, ಸಡಿಲವಾಗಬೇಕಾದ ನಾಳ ಬಿಗಿಯಾಗಿರುವ ಹೊತ್ತಿನಲ್ಲಿಯೇ ಹೃದಯದ ಹೊರೆ ಏರುತ್ತದೆ.

ಭಾರತದ 2019ರ ಕಾಯಿದೆ ಇ-ಸಿಗರೇಟಿನ ವ್ಯಾಖ್ಯೆಯೊಳಗೇ ಇ-ಹುಕ್ಕಾವನ್ನು ಹೆಸರಿಸಿ ಅದರ ತಯಾರಿಕೆ, ಮಾರಾಟ, ದಾಸ್ತಾನು, ಜಾಹೀರಾತನ್ನು ನಿಷೇಧಿಸಿದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹುಕ್ಕಾ ಮಾರಾಟ, ಸೇವನೆಗಳನ್ನೂ ನಿಷೇಧಿಸಿತು. ಆದರೂ ವೈದ್ಯರು ಕೇಳುವುದು ಇಂದಿಗೂ "ಬೀಡಿ, ಸಿಗರೇಟು ಸೇದುತ್ತೀರಾ?" ಎಂಬ ಹಳೆಯ ಪ್ರಶ್ನೆಯನ್ನೇ. ಇ-ಹುಕ್ಕಾ ಸೇದುವ ಹುಡುಗ "ಇಲ್ಲ ಡಾಕ್ಟ್ರೇ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿರುವುದಿಲ್ಲ.